ಸ್ಟುಟ್‌ಗಾರ್ಟ್‌ನಲ್ಲಿ ಕುತ್ತಿಗೆಯ ಬಾಣಂತನ

ಕುತ್ತಿಗೆಗೆ ಶಸ್ತ್ರಚಿಕಿತ್ಸೆ ಆಗಬೇಕಂತೆ ಎಂದು ಜರ್ಮನಿಯಿಂದ ನಮ್ಮೂರು ಸಾಗರಕ್ಕೆ ಫೋನು ಮಾಡಿದ ದಿನವೇ ನನ್ನ ಮೊಬೈಲ್‌ಗೆ ನಾಟಿ ವೈದ್ಯರ ನಂಬರುಗಳು ಸಾಲಾಗಿ ಬಂದಿಳಿದವು. ಚಿಕ್ಕಪ್ಪ ಒಂದು ಎಣ್ಣೆಯ ಹೆಸರು ಹೇಳಿದರು. ಅಕ್ಕನ ಗಂಡನಿಗೆ ಕ್ಷೌರದಂಗಡಿಯಲ್ಲಿ ತಲೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿ ಲಟಕ್ಕೆನಿಸಿದರೆ ಎಲ್ಲ ಸರಿಹೋಗುತ್ತದಂತೆ. ‘ಅಲ್ಲಿ ಯಾರೂ ಮಾಡುವುದಿಲ್ಲವೇ?’ ಎಂದು ಕೇಳಿದರು. ಪುಣ್ಯಕ್ಕೆ ಮಾಡುವುದಿಲ್ಲ ಭಾವ. ನನ್ನ ತೊಂದರೆ ಇದ್ದದ್ದು ಮಾಂಸಖಂಡದಲ್ಲಲ್ಲ, ಬೆನ್ನುಹುರಿಯಲ್ಲಿ. ಅದರ ಮೇಲೆ ಡಿಸ್ಕ್, ಅಂದರೆ ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆ, ಒತ್ತುತ್ತಿರುವಾಗ ಕುತ್ತಿಗೆಯನ್ನು ಹಾಗೆ ತಿರುಚಿದರೆ ಕೈಕಾಲು ಸ್ವಾಧೀನ ತಪ್ಪುವ ಅಪಾಯವಿದೆ.

ಊರಿನವರಿಗೆ ನಂಬಿಕೆ ಬಾರದಿದ್ದುದಕ್ಕೆ ಕಾರಣವೂ ಇತ್ತು. ನನಗೆ ಕುತ್ತಿಗೆ ಅಷ್ಟೇನೂ ನೋಯುತ್ತಿರಲಿಲ್ಲ. ತೊಂದರೆ ಕಾಣಿಸಿಕೊಂಡಿದ್ದು ಬೆರಳುಗಳಲ್ಲಿ. ಅಂಗಿಯ ಗುಂಡಿ ಹಾಕುವಾಗ ಬೆರಳು ಮಾತು ಕೇಳುತ್ತಿರಲಿಲ್ಲ, ಬೀಗದ ಕೈ ಕೈಯಿಂದ ಜಾರುತ್ತಿತ್ತು, ಸಹಿ ಯಾರದೋ ಸಹಿಯಂತೆ ಕಾಣುತ್ತಿತ್ತು. ಸ್ಟುಟ್‌ಗಾರ್ಟ್ ಗುಡ್ಡಗಳ ಊರು, ಬೀದಿ ಬೀದಿಗೂ ಕಲ್ಲಿನ ಮೆಟ್ಟಿಲ ದಾರಿಗಳಿವೆ. ಅವುಗಳನ್ನು ಇಳಿಯುವಾಗ ಕಾಲು ಎಲ್ಲಿ ಊರುತ್ತಿದೆ ಎಂದು ಅನುಮಾನವಾಗತೊಡಗಿತು. ಮೊದಲು ನೋಡಿದ ವೈದ್ಯರು ಮಣಿಕಟ್ಟಿನ ನರ ಒತ್ತಿಕೊಂಡಿದೆ ಎಂದು ಪಟ್ಟಿ ಕಟ್ಟಿ ಕಳುಹಿಸಿದರು. ಈ ಕಾಯಿಲೆಯಲ್ಲಿ ಇದು ಆಗಾಗ ಆಗುವ ಗೊಂದಲವೇ. ಮುಂದೆ ನರತಜ್ಞೆಯೊಬ್ಬರು ನನ್ನ ನಡುಬೆರಳಿನ ಉಗುರನ್ನು ಚಿಟಿಕೆ ಹೊಡೆದಂತೆ ಮೀಟಿದರು. ನಾನು ಏನೂ ಮಾಡದೆಯೇ ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತು. ಅವರ ಮುಖದಲ್ಲಿದ್ದ ನಗು ಮಾಯವಾಯಿತು. ಎಂಆರ್‌ಐ ಬೇಗನೆ ಆಯಿತು.

ಕುತ್ತಿಗೆಯಲ್ಲಿ 7 ಕಶೇರುಖಂಡಗಳಿವೆ. ನನಗೆ 5 ಮತ್ತು 6ರ ನಡುವಿನ ಡಿಸ್ಕ್, ಅದರ ಕೆಳಗಿನ 6 ಮತ್ತು 7ರ ನಡುವಿನದು, ಎರಡೂ ಹಿಂದಕ್ಕೆ ಉಬ್ಬಿ ಬೆನ್ನುಹುರಿಯನ್ನು ಒತ್ತುತ್ತಿದ್ದವು. ಹೀಗೆ ಸವೆತದಿಂದ ಬೆನ್ನುಹುರಿ ಒತ್ತಿಕೊಂಡು ಕೆಡುವುದಕ್ಕೆ ಮೈಲೋಪತಿ ಎನ್ನುತ್ತಾರೆ. ವಯಸ್ಕರಲ್ಲಿ ಬೆನ್ನುಹುರಿ ಕೆಡಲು ಬಹು ಸಾಮಾನ್ಯ ಕಾರಣ ಇದೇ ಆಗಿದ್ದರೂ ನನ್ನ ಪರಿಚಿತರಲ್ಲಿ ಒಬ್ಬರೂ ಇದರ ಹೆಸರು ಕೇಳಿರಲಿಲ್ಲ. ನನಗೆ ಮಾಡಬೇಕಿದ್ದ ಶಸ್ತ್ರಚಿಕಿತ್ಸೆ ಹಿಂದಿನಿಂದಲ್ಲ, ಗಂಟಲಿನ ಕಡೆಯಿಂದ. ಅನ್ನನಾಳ ಮತ್ತು ಶ್ವಾಸನಾಳಗಳನ್ನು ಪಕ್ಕಕ್ಕೆ ಸರಿಸಿ, ಕೆಟ್ಟ ಡಿಸ್ಕ್ ತೆಗೆದು, ಆ ಜಾಗದಲ್ಲಿ ಪುಟ್ಟ ಪಂಜರದಂಥ ಬಿಲ್ಲೆ ಕೂರಿಸಿ, ಮುಂದಿನಿಂದ ಟೈಟಾನಿಯಂ ಪಟ್ಟಿ ಇಟ್ಟು ತಿರುಪು ಬಿಗಿಯುತ್ತಾರೆ. ಮುಂದೆ ತಿಂಗಳುಗಟ್ಟಲೆ ಮೂಳೆ ಬೆಳೆದು ಒಂದಾಗಬೇಕು. ಶಸ್ತ್ರಚಿಕಿತ್ಸಕರು ಮೊದಲೇ ನೇರವಾಗಿ ಹೇಳಿದರು: ‘ಇದು ಇನ್ನಷ್ಟು ಕೆಡದಂತೆ ತಡೆಯಲು ಮಾಡುವುದು. ಹೋದದ್ದು ಎಷ್ಟು ಮರಳಿ ಬರುತ್ತದೋ ಅದು ಲಾಭ.’ ಈ ಮಾತನ್ನು ನಾನು ಅಮ್ಮನಿಗೆ ಅನುವಾದಿಸಲಿಲ್ಲ. ‘ಸರಿಹೋಗುತ್ತದಂತೆ’ ಎಂದಷ್ಟೇ ಹೇಳಿದೆ. ದೊಡ್ಡಮ್ಮ ಶರಾವತಿ ಹಿನ್ನೀರನ್ನು ಲಾಂಚ್‌ನಲ್ಲಿ ದಾಟಿ ಸಿಗಂದೂರಿಗೆ ಹೋಗಿ ನನ್ನ ಹೆಸರಿನಲ್ಲಿ ಹರಕೆ ಹೊತ್ತು ಬಂದರು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆದಿದೆ, ತೀರಿಸಲು ಹೋಗುವಾಗ ಲಾಂಚ್‌ಗೆ ಕಾಯುವ ಕೆಲಸ ತಪ್ಪಿತು.

ಆಸ್ಪತ್ರೆಯಲ್ಲಿ ಮರುದಿನ ಬೆಳಿಗ್ಗೆಯೇ ಎಬ್ಬಿಸಿ ನಡೆಸಿದರು. ಏಳುವುದಕ್ಕೂ ಒಂದು ಕ್ರಮವಿದೆ. ತಲೆ, ಭುಜ, ಸೊಂಟ ಎಲ್ಲವೂ ಒಟ್ಟಿಗೇ ಪಕ್ಕಕ್ಕೆ ಹೊರಳಬೇಕು, ಕಾಲು ಮಂಚದಿಂದ ಕೆಳಗಿಳಿಯಬೇಕು, ಆಮೇಲೆ ಮೊಣಕೈ ಊರಿ ಮೇಲೇಳಬೇಕು. ಇದು ಬೇಗ ಕೈವಶವಾಯಿತು. ಕಷ್ಟವಾದದ್ದು ಊಟ. ಅನ್ನನಾಳವನ್ನು ಪಕ್ಕಕ್ಕೆ ಎಳೆದಿಟ್ಟಿರುತ್ತಾರಲ್ಲ, ಹಲವರಿಗೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ನುಂಗುವುದು ಕಷ್ಟ, ಧ್ವನಿಯೂ ಒಡೆದಿರುತ್ತದೆ. ಜರ್ಮನಿಯಲ್ಲಿ ರಾತ್ರಿಯೂಟವೆಂದರೆ ಗಟ್ಟಿ ಸಿಪ್ಪೆಯ ಕಪ್ಪು ಬ್ರೆಡ್ಡು, ಚೀಸ್, ಒಂದು ಸೌತೆಕಾಯಿ. ನಾನು ಆ ಬ್ರೆಡ್ಡನ್ನು ನೋಡಿಕೊಂಡೇ ಕುಳಿತಿದ್ದೆ. ನರ್ಸ್ ನನ್ನ ಪಾಡು ನೋಡಿ ರವೆಯನ್ನು ಹಾಲಿನಲ್ಲಿ ಬೇಯಿಸಿದ ಗ್ರೀಸ್‌ಬ್ರೈ ತಂದುಕೊಟ್ಟರು. ಏಲಕ್ಕಿ ಇಲ್ಲದ ಪಾಯಸ. ಎರಡು ಬಟ್ಟಲು ತಿಂದೆ.

ನನ್ನ ಗಂಡ ಮಂಡ್ಯದ ಕಡೆಯವರು. ಮುದ್ದೆಯನ್ನು ಅಗಿಯದೆ ನುಂಗುವ ಮನೆಗೆ ಸೊಸೆಯಾಗಿ ಹೋಗಿ ಹದಿನೈದು ವರ್ಷಗಳಲ್ಲಿ ಕಲಿತ ವಿದ್ಯೆ ಆ ವಾರ ಸಂಪೂರ್ಣ ನಿರುಪಯುಕ್ತವಾಯಿತು. ಅತ್ತೆ ವಿಡಿಯೋ ಕರೆಯಲ್ಲಿ ನಿಂತು ನನ್ನ ಗಂಡನಿಂದ ರಾಗಿ ಅಂಬಲಿ ಮಾಡಿಸಿದರು. ಗಂಟಿಲ್ಲದಂತೆ ಕಲಸುವುದು ಹೇಗೆ, ಮಜ್ಜಿಗೆ ಯಾವಾಗ ಬೆರೆಸಬೇಕು ಎಂಬ ಪಾಠ ಮುಗಿಯುವಷ್ಟರಲ್ಲಿ ಅಡುಗೆಮನೆ ಕಂದು ಬಣ್ಣವಾಗಿತ್ತು. ಆದರೆ ಅಂಬಲಿ ಗಂಟಲಲ್ಲಿ ಇಳಿಯಿತು.

ಕುತ್ತಿಗೆ ಅಲುಗದಂತೆ ಬಿಗಿಯುವ ಕಾಲರ್ ಹಾಕಿಕೊಂಡವರಿಗೆ ತಟ್ಟೆ ಕಾಣುವುದಿಲ್ಲ, ಸ್ವಂತ ಪಾದವೂ ಕಾಣುವುದಿಲ್ಲ. ನನ್ನ ಗಂಡ ತಟ್ಟೆಯ ಕೆಳಗೆ ದಪ್ಪ ಪುಸ್ತಕಗಳನ್ನು ಪೇರಿಸಿ ಎತ್ತರಕ್ಕೇರಿಸಿದರು. ಮಗನಿಗೆ ಹತ್ತು ವರ್ಷ, ಕಾಲುಚೀಲ ಹಾಕುವ ಕೆಲಸ ಅವನದು. ದಿನವೂ ಬೇಕೆಂದೇ ಬೇರೆ ಬೇರೆ ಬಣ್ಣದ ಜೋಡಿ ಹಾಕಿ ಕಳುಹಿಸುತ್ತಿದ್ದ, ನನಗೆ ಕಾಣುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ತಲೆ ತೊಳೆಯುವುದಂತೂ ದೊಡ್ಡ ಸಾಹಸ. ನಾನು ಬಗ್ಗುವಂತಿಲ್ಲ, ಹಿಂದಕ್ಕೆ ವಾಲುವಂತಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೇರವಾಗಿ ಕುಳಿತರೆ ಅವರು ಗಾಯಕ್ಕೆ ಪ್ಲಾಸ್ಟಿಕ್ ಹೊದಿಸಿ ಚೊಂಬಿನಿಂದ ಹೊಯ್ಯುತ್ತಿದ್ದರು. ಈ ಕೆಲಸ ಮಾಡುವಾಗ ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ, ನೀರು ಬಿಸಿಯಾಯಿತೇ ಎಂದಷ್ಟೇ ಕೇಳುತ್ತಿದ್ದರು. ಆ ದಿನಗಳಲ್ಲಿ ನನಗೆ ಬೇಕಿದ್ದದ್ದೂ ಅಷ್ಟೇ. ‘ಧೈರ್ಯವಾಗಿರು’ ಎಂದವರಿಗೆಲ್ಲ ಉತ್ತರ ಕೊಡಬೇಕಾಗುತ್ತಿತ್ತು, ಗಂಟಲು ಬೇರೆ ಕೆಟ್ಟಿತ್ತು.

ಕೆಳಗಿನ ಮನೆಯ ಅಜ್ಜಿಯ ವಿಷಯ ಹೇಳಲೇಬೇಕು. ಇಲ್ಲಿ ಶ್ವಾಬಿಯಾ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿಯಿದೆ. ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ಮುಂಬಾಗಿಲು ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುಹಾಕುತ್ತಾರೆ. ಅದನ್ನು ತಪ್ಪಿಸಿದವರನ್ನು ಈ ಅಜ್ಜಿ ಕ್ಷಮಿಸಿದ್ದನ್ನು ನಾನು ಕಂಡಿಲ್ಲ. ನಾನು ಆಸ್ಪತ್ರೆಯಿಂದ ಬಂದಮೇಲೆ ಆ ಹಲಗೆ ನಮ್ಮ ಬಾಗಿಲನ್ನು ಹಾರಿ ಮುಂದಿನ ಮನೆಗೆ ಹೋಗತೊಡಗಿತು. ನಮ್ಮ ವಾರವನ್ನು ಅವರೇ ಗುಡಿಸುತ್ತಿದ್ದರು. ಒಮ್ಮೆಯೂ ಒಳಗೆ ಬಂದು ಕುಳಿತವರಲ್ಲ.

ಅಮ್ಮ ಬಂದದ್ದು ಇಷ್ಟೆಲ್ಲ ಆದಮೇಲೆ. ಷೆಂಗೆನ್ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಇರಬಹುದು. ಅದಕ್ಕೆ ನಾವು ಇಲ್ಲಿನ ಕಚೇರಿಯಲ್ಲಿ ಅವರ ಖರ್ಚು ನಮ್ಮದೆಂದು ಬರೆದುಕೊಟ್ಟು, ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಮಾಡಿಸಬೇಕು. ನನ್ನ ಒಡೆದ ಧ್ವನಿ ಕೇಳಿದಂದೇ ಅಮ್ಮ ಪೆಟ್ಟಿಗೆ ಕಟ್ಟಿದ್ದರು. ಹೊರದೇಶದ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ ಎಂದು ಹೇಳಿ ಮನೆಯ ತುಪ್ಪ ಬಿಡಿಸುವುದಕ್ಕೆ ಅಪ್ಪಯ್ಯ ಮಧ್ಯೆ ಬರಬೇಕಾಯಿತು. ‘ತುಪ್ಪವಿಲ್ಲದೆ ಮೂಳೆ ಹೇಗೆ ಕೂಡುತ್ತದೆ?’ ಎಂಬುದು ಅಮ್ಮನ ಪ್ರಶ್ನೆ. ಬಂದವರು ಮನೆಯನ್ನು ಬಾಣಂತಿಯ ಕೋಣೆಯಾಗಿ ಮಾಡಿದರು. ಕಿಟಕಿ ತೆರೆಯಬಾರದು, ತಣ್ಣೀರು ಮುಟ್ಟಬಾರದು, ಕಿವಿಗೆ ಬಟ್ಟೆ ಕಟ್ಟಬೇಕು, ಮಲಗಿಯೇ ಇರಬೇಕು. ಮೆಂತ್ಯದ ಗಂಜಿ, ತಂಬುಳಿ, ಮೆತ್ತಗಿನ ಅನ್ನ. ಒಂದೆಲಗ ಸಿಗದ ಊರಿನಲ್ಲಿ ಪಾಲಕ್ ಸೊಪ್ಪಿನ ತಂಬುಳಿ ಮಾಡಿ, ಸೂಪರ್ ಮಾರ್ಕೆಟ್ಟಿನ ಮಜ್ಜಿಗೆಗೆ ಹುಳಿ ಸಾಲದೆಂದು ಒಂದು ದಿನ ಹೊರಗಿಟ್ಟು ಹುಳಿ ಬರಿಸಿದರು. ಅದನ್ನು ಉಂಡು ನಾನು ಚೇತರಿಸಿಕೊಂಡದ್ದು ನಿಜ. ಆದರೆ ಫಿಸಿಯೋಥೆರಪಿಸ್ಟ್ ಹೇಳಿದ್ದು ಇದಕ್ಕೆ ತದ್ವಿರುದ್ಧ: ಐದು ಕಿಲೋಗಿಂತ ಹೆಚ್ಚು ಎತ್ತಬೇಡ, ಉಳಿದಂತೆ ನಡೆ, ನಡೆ, ನಡೆ. ನಾನು ಕೋಟು ಹಾಕಿಕೊಂಡು ಹೊರಟರೆ ಅಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಅಳಿಯಂದಿರು ಸ್ನಾನದ ಮನೆ ಉಜ್ಜುವುದನ್ನು ನೋಡಿ ಅವರಿಗೆ ಕಸಿವಿಸಿ, ಅವರ ಕೈಯಿಂದ ಬ್ರಷ್ ಕಸಿದುಕೊಳ್ಳಲೂ ಸಂಕೋಚ. ಹೀಗಾಗಿ ಸಿಟ್ಟೆಲ್ಲ ನನ್ನ ನಡಿಗೆಯ ಮೇಲೆ ತಿರುಗುತ್ತಿತ್ತು.

‘ಕಾಯಿಲೆಯವರನ್ನು ನೋಡಲು ಇಲ್ಲಿ ಯಾರೂ ಬರುವುದಿಲ್ಲವೇ?’ ಎಂದು ಒಂದು ಸಂಜೆ ಕೇಳಿದರು. ಸಾಗರದಲ್ಲಾಗಿದ್ದರೆ ಅರ್ಧ ಊರು ಹಾರ್ಲಿಕ್ಸ್, ಬಾಳೆಹಣ್ಣು ಹಿಡಿದು ಬಂದು, ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹಾಸಿಗೆ ಹಿಡಿದ ಯಾರೋ ದೂರದ ನೆಂಟರ ಕತೆ ಹೇಳಿ ಹೋಗುತ್ತಿತ್ತು. ನಾನು ಕೆಳಗಿನ ಅಜ್ಜಿ ಮೆಟ್ಟಿಲು ಗುಡಿಸುವುದನ್ನು ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ, ಒಂದು ಡಬ್ಬಿ ರವೆ ಉಂಡೆ ತಂದು ಅಜ್ಜಿಯ ಕೈಗಿಟ್ಟು ಬಂದರು. ಅದಾದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಒಬ್ಬರು ಕನ್ನಡದಲ್ಲಿ, ಒಬ್ಬರು ಶ್ವಾಬಿಯಾದ ಜರ್ಮನ್‌ನಲ್ಲಿ ಹದಿನೈದು ನಿಮಿಷ ಮಾತಾಡುವುದನ್ನು ನಾನೇ ಕೇಳಿದ್ದೇನೆ.

ಇಷ್ಟರಲ್ಲಿ ರೇಹಾಗೆ, ಅಂದರೆ ಪುನಶ್ಚೇತನ ಚಿಕಿತ್ಸೆಯ ಕೇಂದ್ರಕ್ಕೆ, ಕರೆ ಬಂತು. ಆಸ್ಪತ್ರೆಯ ಸಮಾಜಸೇವಾ ವಿಭಾಗದವರೇ ಅರ್ಜಿ ಹಾಕುತ್ತಾರೆ. ಸಾಮಾನ್ಯವಾಗಿ ಬಿಡುಗಡೆಯಾದ 14 ದಿನಗಳೊಳಗೆ ಹೋಗಬೇಕು, ನನಗೆ ಕಾಲರ್ ಇದ್ದುದರಿಂದ ವೈದ್ಯರು ಕೆಲವು ವಾರ ಮುಂದೂಡಿದ್ದರು. ಮೂರು ವಾರ ಅಲ್ಲೇ ವಾಸ. ಖರ್ಚು ಪಿಂಚಣಿ ವಿಮೆಯದು, ನಾವು ಕೊಡುವುದು ದಿನಕ್ಕೆ 10 ಯೂರೋ. ಕೆಲಸ ಮಾಡುವವರನ್ನು ಬೇಗ ಪಿಂಚಣಿಗೆ ಕಳುಹಿಸುವುದಕ್ಕಿಂತ ಗುಣಪಡಿಸಿ ಕೆಲಸಕ್ಕೆ ಮರಳಿಸುವುದು ಅಗ್ಗ ಎಂಬ ಲೆಕ್ಕ. ಕರುಣೆಯ ಮಾತಿಲ್ಲದ ಲೆಕ್ಕವಾದರೂ ನನಗೆ ಹಿಡಿಸಿತು, ಯಾರ ಹಂಗೂ ಇಲ್ಲ. ಅಮ್ಮನಿಗೆ ಮಾತ್ರ ದೊಡ್ಡ ಆಘಾತ. ತಾಯಿ ಸಾವಿರಾರು ಮೈಲಿ ದಾಟಿ ಬಂದು ಮನೆಯಲ್ಲಿರುವಾಗ ಕಾಯಿಲೆಯ ಮಗಳನ್ನು ಬೇರೆ ಊರಿಗೆ ಕಳುಹಿಸುವುದೇ?

ನನ್ನನ್ನು ಕಳುಹಿಸಿದ್ದು ಶ್ವಾಬಿಯನ್ ಆಲ್ಬ್ ಬೆಟ್ಟಗಳ ನಡುವಿನ ಬಾಡ್ ಉರಾಖ್‌ಗೆ. ಭಾನುವಾರ ಮೆಟ್ಸಿಂಗನ್‌ನಲ್ಲಿ ರೈಲು ಬದಲಿಸಿ ಮೂವರೂ ಬಂದರು. ಆ ಊರಿನ ಹೆಮ್ಮೆ ಒಂದು ಜಲಪಾತ, ನೆಟ್ಟಗೆ 37 ಮೀಟರ್ ಬೀಳುತ್ತದೆ. ಅಲ್ಲಿಯವರೆಗೂ ನಾನು ಕಾಡುದಾರಿಯಲ್ಲಿ ನಡೆದೇ ಹೋಗಿ ತೋರಿಸಿದೆ. ಅಮ್ಮ ಜೋಗದ ತಾಲ್ಲೂಕಿನವರು, 253 ಮೀಟರ್ ನೋಡಿದ ಕಣ್ಣು. ಸುತ್ತ ಫೋಟೋ ತೆಗೆಯುತ್ತಿದ್ದ ಜನರನ್ನು ನೋಡಿ, ‘ಇಷ್ಟೇನಾ? ನಮ್ಮಲ್ಲಿ ಇಂಥದ್ದು ಮಳೆಗಾಲದಲ್ಲಿ ತೋಟದ ಹಿಂದೆಯೇ ಬೀಳುತ್ತದೆ’ ಎಂದರು. ಆದರೆ ಹಿಂದಿರುಗುವಾಗ ನನ್ನ ಕೈ ಹಿಡಿಯದೆ ನಾಲ್ಕು ಹೆಜ್ಜೆ ಹಿಂದೆ ಬಂದರು, ನಾನು ಕಾಲಿಡುವುದನ್ನೇ ನೋಡುತ್ತಾ. ಮನೆಗೆ ಹೋದಮೇಲೆ ಅಡ್ಡ ನಿಲ್ಲುವುದು ನಿಂತಿತು.

ರೇಹಾದಲ್ಲಿ ಬೆರಳುಗಳಿಗೆ ಬೇರೆಯೇ ತರಗತಿ. ಗುಂಡಿ, ಕ್ಲಿಪ್ಪು, ಜೇಡಿಮಣ್ಣು, ಕೊನೆಯಲ್ಲಿ ಒಂದು ಅಗಲ ಪಾತ್ರೆ ತುಂಬ ಬೇಳೆ. ಅದರಲ್ಲಿ ಕೈ ಹುದುಗಿಸಿ ಅಡಗಿಸಿಟ್ಟ ಗೋಲಿಗಳನ್ನು ಕಣ್ಣುಮುಚ್ಚಿ ಹುಡುಕಬೇಕು. ಬೇಳೆಯಲ್ಲಿ ಆಟವೇ ಎಂದು ಅಮ್ಮ ಮೊದಲು ಬೇಸರಪಟ್ಟರು. ಆಮೇಲೆ ನಾನು ಮನೆಗೆ ಬಂದ ದಿನ, ದೇವರಿಗೆಂದು ಊರಿನಿಂದ ತಂದಿದ್ದ ಹತ್ತಿಯ ಉಂಡೆಯನ್ನು ನನ್ನ ಮುಂದಿಟ್ಟು ‘ಬತ್ತಿ ಹೊಸೆ’ ಎಂದರು. ಚಿಕ್ಕವಳಿದ್ದಾಗ ಅಜ್ಜಿಯ ಪಕ್ಕ ಕುಳಿತು ಮಾತಾಡುತ್ತಲೇ ಹೊಸೆಯುತ್ತಿದ್ದ ಹೂಬತ್ತಿ ಈಗ ಎಡಗೈಯಲ್ಲಿ ತುದಿಗೆ ಬರುವ ಮೊದಲೇ ಬಿಚ್ಚಿಕೊಳ್ಳುತ್ತಿತ್ತು. ಅಮ್ಮ ಏನೂ ಹೇಳಲಿಲ್ಲ, ಎದುರಿಗೆ ಕುಳಿತು ತಾವೂ ಹೊಸೆಯತೊಡಗಿದರು. ಸ್ಟುಟ್‌ಗಾರ್ಟ್‌ನ ನನ್ನ ಥೆರಪಿಸ್ಟ್‌ಗೆ ತೋರಿಸಿದರೆ ಆಕೆ ತಾನೊಂದು ಪ್ರಯತ್ನಿಸಿ, ಸೋತು, ನನ್ನ ಕಡತದಲ್ಲಿ ಮನೆಯ ಅಭ್ಯಾಸ ಎಂದು ಬರೆದುಕೊಂಡರು.

ಇಲ್ಲಿ ಕಾಯಿಲೆಯ ರಜೆಯ ಮೊದಲ ಆರು ವಾರ ಕಂಪನಿಯೇ ಪೂರ್ತಿ ಸಂಬಳ ಕೊಡಬೇಕು, ಆಮೇಲೆ ಆರೋಗ್ಯ ವಿಮೆಯವರು ಒಟ್ಟು ಸಂಬಳದ ಹೆಚ್ಚೆಂದರೆ ಶೇ. 70ರಷ್ಟು ಕೊಡುತ್ತಾರೆ. ಕೆಲಸಕ್ಕೆ ಮರಳುವುದೂ ಹಂತ ಹಂತವಾಗಿ. ನಾನು ದಿನಕ್ಕೆ ಮೂರು ಗಂಟೆಯಿಂದ ಶುರುಮಾಡಿದೆ. ಅಮ್ಮನ 90 ದಿನ ಮುಗಿದದ್ದೂ ಅದೇ ಹೊತ್ತಿಗೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಅವರು ಅತ್ತದ್ದು ನನ್ನನ್ನು ನೋಡಿಯಲ್ಲ, ಕೆಳಗಿನ ಅಜ್ಜಿ ಕೊಟ್ಟು ಕಳುಹಿಸಿದ ಜಾಮ್ ಬಾಟಲಿಯನ್ನು ಭದ್ರತೆಯವರು ಕೈಚೀಲದಿಂದ ತೆಗೆದಿಟ್ಟಾಗ, ಎಂದು ಬೆಂಗಳೂರು ತಲುಪಿ ಫೋನಿನಲ್ಲಿ ಹೇಳಿದರು. ನಾನು ನಂಬಿದಂತೆ ಮಾಡಿದೆ.

ಎಕ್ಸ್‌ರೇಯಲ್ಲಿ ಮೂಳೆ ಕೂಡುತ್ತಿರುವುದು ಕಾಣುತ್ತಿದೆ, ತುಪ್ಪವಿಲ್ಲದೆಯೇ. ನಡಿಗೆ ಸರಿಯಾಗಿದೆ. ಎಡಗೈಯ ಎರಡು ಬೆರಳುಗಳ ಜೋಮು ಹೋಗಿಲ್ಲ, ಹೋಗದೆಯೂ ಇರಬಹುದು. ಅಮ್ಮ ಪ್ರತಿ ಸಂಜೆ ಫೋನು ಮಾಡಿ ಮೊದಲು ಕೇಳುವುದು ಬತ್ತಿಯ ಲೆಕ್ಕ. ಈ ದೀಪಾವಳಿಗೆ ಇಲ್ಲಿನ ಕನ್ನಡದ ಗೆಳೆಯರ ಮನೆಗಳಿಗೆಲ್ಲ ನಮ್ಮ ಮನೆಯದೇ ಹೂಬತ್ತಿ. ಸೊಟ್ಟಗಿರುವವು ಎಡಗೈಯವು. ಹಂಚಿಯೂ ಒಂದು ಡಬ್ಬಿ ಉಳಿದಿದೆ, ಈ ಕಡೆಯವರು ಯಾರಿಗಾದರೂ ಬೇಕಿದ್ದರೆ ತಿಳಿಸಿ.