ಸಂಗೀತ ಚಿಕಿತ್ಸೆಯ ಕೆಲಸ: ಹಾಡಿಗಿಂತ ಎಣಿಕೆಯೇ ಹೆಚ್ಚು

ಚೆನ್ನಾಗಿ ಹಾಡುವವರಿಗೇ ಈ ಕೆಲಸ ಮೊದಮೊದಲು ಕಷ್ಟ. ಪಾರ್ಶ್ವವಾಯು ಆದವರಿಗೆ ನಡಿಗೆ ಅಭ್ಯಾಸ ಮಾಡಿಸುವುದನ್ನೇ ನೋಡಿ. ಮೊದಲು ತಾಳವಿಲ್ಲದೆ ನಡೆಸಿ, ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಬೇಕು. 60 ಬಂತೆನ್ನಿ, ಮೆಟ್ರೊನೋಮ್ (ಒಂದೇ ಸಮನೆ ತಾಳದ ಪೆಟ್ಟು ಕೊಡುವ ಸಾಧನ) ಕೂಡ 60ಕ್ಕೇ. ಹೆಜ್ಜೆ ತಾಳಕ್ಕೆ ಕೂತ ಮೇಲೆ ಶೇ. 5ರಷ್ಟು ಏರಿಸಿ 63. ಕೊನೆಗೆ ತಾಳ ನಿಲ್ಲಿಸಿ, ಆ ನಡಿಗೆ ಉಳಿಯಿತೇ ಎಂದು ಮತ್ತೆ ಎಣಿಕೆ. ಬೀಳದಂತೆ ಹಿಡಿಯಲು ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿರಬೇಕು.

ನುರಿತ ಗಾಯಕರು ಎಡವುವುದು ಇಲ್ಲೇ. ಆ ತಾಳಕ್ಕೆ ಹಾಡುವಾಗ ಸಾಲಿನ ಕೊನೆಯಲ್ಲಿ ಸ್ವರ ಎಳೆಯುತ್ತಾರೆ, ಅಭ್ಯಾಸಬಲದಿಂದ ಗಮಕ ಹಾಕುತ್ತಾರೆ. ಪೆಟ್ಟು ಬೀಳುವ ಜಾಗ ಮಸುಕಾಗಿ, ಎತ್ತಿದ ಕಾಲು ಅಲ್ಲೇ ತಡವರಿಸುತ್ತದೆ. ಹಾಡು ತೀರಾ ಚೆನ್ನಾಗಿದ್ದರಂತೂ ನಡೆಯುವವರು ನಿಂತು ಕೇಳತೊಡಗುತ್ತಾರೆ!

ಎರಡನೇ ತೊಡಕು ತರಬೇತಿಯದು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1944ರಲ್ಲೇ ಇದರ ಪದವಿ ಶುರುವಾಯಿತು. ಆ ದೇಶದಲ್ಲಿ ಇಂದು ಕನಿಷ್ಠ 1200 ಗಂಟೆ ಪ್ರಾಯೋಗಿಕ ತರಬೇತಿ, ಆಮೇಲೆ ಮಂಡಳಿಯ ಪರೀಕ್ಷೆ. ಬ್ರಿಟನ್ನಿನಲ್ಲಿ ನೋಂದಣಿಯಿಲ್ಲದವರು ‘ಮ್ಯೂಸಿಕ್ ಥೆರಪಿಸ್ಟ್’ ಎಂದು ಹೇಳಿಕೊಳ್ಳುವಂತೆಯೇ ಇಲ್ಲ. ಇಂಥ ಕಾನೂನಿಲ್ಲದ ಕಡೆ ಎರಡು ದಿನದ ಕಾರ್ಯಾಗಾರಕ್ಕೂ ಸರ್ಟಿಫಿಕೇಟ್ ಸಿಗುತ್ತದೆ. ಹಾಗಾಗಿ ಕೋರ್ಸ್ ಸೇರುವ ಮುನ್ನ ಫೀಸಿಗಿಂತ ಮೊದಲು ಕೇಳಬೇಕಾದ್ದು: ರೋಗಿಗಳ ಜೊತೆ ಎಷ್ಟು ಗಂಟೆ? ನಾವು ಮಾಡುವುದನ್ನು ಎದುರಿಗೆ ಕೂತು ನೋಡಿ ತಿದ್ದುವವರು ಯಾರು? ಉತ್ತರ ತೇಲಿಸಿದರೆ ಬಿಟ್ಟುಬಿಡಿ.

ಇನ್ನು ಬರವಣಿಗೆ. ‘ಮಗು ಖುಷಿಪಟ್ಟಿತು’ ಎಂಬ ವರದಿ ವೈದ್ಯರ ಮುಂದೆ ನಿಲ್ಲುವುದಿಲ್ಲ. ‘10 ಸಲ ಡ್ರಮ್ ಮುಂದಿಟ್ಟಾಗ 4 ಸಲ ತನ್ನ ಸರದಿಗೆ ಕಾಯ್ದು ಬಾರಿಸಿತು, ಹೋದ ವಾರ 1’ ಎಂದರೆ ನಿಲ್ಲುತ್ತದೆ. ಬಾರಿಸುತ್ತಲೇ ಎಣಿಸುವುದು ಸುಲಭವಲ್ಲ. ಪೋಷಕರ ಒಪ್ಪಿಗೆಯಿದ್ದರೆ ವಿಡಿಯೋ ಮಾಡಿಟ್ಟು ಆಮೇಲೆ ಎಣಿಸಬಹುದು.

ಸಂಪಾದನೆಯ ಲೆಕ್ಕ ತಪ್ಪುವುದೂ ಗಂಟೆಗಳಲ್ಲೇ. ಅರ್ಧ ಗಂಟೆಯ ಸೆಷನ್ನಿಗೆ ವಾದ್ಯ ಹೊತ್ತು ಓಡಾಡುವುದು, ತಯಾರಿ, ಪ್ರತಿ ಗಿಲಕಿಯನ್ನೂ ಒರೆಸುವುದು, ವರದಿ ಎಲ್ಲಾ ಸೇರಿ ಸಲೀಸಾಗಿ ಒಂದೂವರೆ ಗಂಟೆ ಹಿಡಿಯುತ್ತದೆ. ಅರ್ಧ ಗಂಟೆಗಷ್ಟೇ ದರ ಹೇಳಿದವರು ವರ್ಷದೊಳಗೆ ಬೇಸತ್ತು ಹೋಗುತ್ತಾರೆ.

ಗಂಟಲಿನ ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಾಡಬೇಕಾದದ್ದು ನಮ್ಮ ಶ್ರುತಿಯಲ್ಲಲ್ಲ, ಎದುರಿನವರ ಶ್ರುತಿಯಲ್ಲಿ. ವಯಸ್ಸಾದವರ ಜೊತೆ ಸಾಮಾನ್ಯವಾಗಿ ಎರಡು-ಮೂರು ಮನೆ (ಹಾರ್ಮೋನಿಯಂನ ಕೀಲಿಗಳಷ್ಟು) ಕೆಳಗಿಳಿಯಬೇಕು. ದಿನಕ್ಕೆ ಐದು ಸೆಷನ್ ಹೀಗೆ ಒಗ್ಗದ ಶ್ರುತಿಯಲ್ಲಿ ಹಾಡಿದರೆ ಸಂಜೆಗೆ ದನಿ ಒಡೆಯುತ್ತದೆ. ನಡುವೆ ಒಂದೆರಡಾದರೂ ಬರೀ ವಾದ್ಯದ ಸೆಷನ್ ಇಟ್ಟುಕೊಳ್ಳಿ.