ಚಾರ್ಜರ್ ಕಿತ್ತ ಮೇಲೆ ಮೂರು ಲ್ಯಾಪ್‌ಟಾಪ್

ಅಂಗಡಿಯಲ್ಲಿ ನಾವು ನೋಡುವ ಲ್ಯಾಪ್‌ಟಾಪ್‌ಗಳಿಗೆಲ್ಲ ಚಾರ್ಜರ್ ಹಾಕಿಯೇ ಇರುತ್ತದೆ. ಸ್ಪೀಡ್ ಹೇಗಿದೆ ಅಂತ ನಾವು ಪರೀಕ್ಷೆ ಮಾಡುವುದು ಆ ಸ್ಥಿತಿಯಲ್ಲೇ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದನ್ನು ಆಮೇಲೆ ಕೇಳುತ್ತೇವೆ, ಬೆಲೆಯನ್ನು ಕೊನೆಗೆ. ಇವು ಮೂರು ಬೇರೆ ಬೇರೆ ವಿಷಯ ಅಂತಲೇ ನಾನೂ ನೋಡುತ್ತಿದ್ದೆ. 2023ರ ಜುಲೈನಲ್ಲಿ ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆಯಲ್ಲಿ ಒಂದು ದಿನ ಮೂರು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು ನೋಡುವವರೆಗೆ ಹಾಗೇ ಇತ್ತು.

ಅಕ್ಕನ ಮಗಳು ಸಿವಿಲ್ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗುವವಳಿದ್ದಳು. ಓದುವುದು ಹಾಸನದಲ್ಲಿ, ಇರುವುದು ಹಾಸ್ಟೆಲ್‌ನಲ್ಲಿ. ಮೊದಲ ವರ್ಷ ಕಾಲೇಜಿನ ಲ್ಯಾಬ್‌ನಲ್ಲೇ ಸುಧಾರಿಸಿಕೊಂಡಿದ್ದಳು. ಇನ್ನು ಸ್ವಂತದ್ದು ಬೇಕೇಬೇಕು. ಭಾವ 60 ಸಾವಿರದೊಳಗೆ ಮುಗಿಸು ಅಂದಿದ್ದರು. ಅಡಿಕೆ ದುಡ್ಡು ಅದು, ಸುಮ್ನೆ ಖರ್ಚು ಮಾಡುವ ಹಾಗಿರಲಿಲ್ಲ.

ನನ್ನ ಹತ್ತಿರ ಆಪಲ್‌ನ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಇತ್ತು. ಭಾವನ ತಮ್ಮ ಎಎಂಡಿ ಕಂಪನಿಯ ರೈಜನ್ 5 7530ಯು ಪ್ರೊಸೆಸರ್ ಇರುವ ತೆಳು ಲ್ಯಾಪ್‌ಟಾಪ್ ತಂದಿದ್ದರು. ಪಕ್ಕದ ಮನೆಯ ಹುಡುಗ ಕಂಪ್ಯೂಟರ್ ಸೈನ್ಸ್ ಓದುತ್ತಾನೆ. ಅವನದು ಗೇಮಿಂಗ್ ಲ್ಯಾಪ್‌ಟಾಪ್. ಒಳಗೆ ಇಂಟೆಲ್ ಕೋರ್ ಐ5 12450ಎಚ್, ಜೊತೆಗೆ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್. ಜಗಲಿಯ ಮೇಜಿನ ಮೇಲೆ ಮೂರನ್ನೂ ಇಟ್ಟೆವು.

ಮೂರರಲ್ಲೂ ಓಡುವ ಒಂದೇ ಕೆಲಸ ಬೇಕಿತ್ತು. 3ಡಿ ಚಿತ್ರ ಮಾಡುವ ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಮ್ಯಾಕ್‌ನಲ್ಲೂ ವಿಂಡೋಸ್‌ನಲ್ಲೂ ನಡೆಯುತ್ತದೆ. ಒಂದೇ ಚಿತ್ರವನ್ನು ಬರೀ ಸಿಪಿಯು (ಮುಖ್ಯ ಪ್ರೊಸೆಸರ್) ಬಳಸಿ ರೆಂಡರ್ ಮಾಡಲು, ಅಂದರೆ ಲೆಕ್ಕ ಹಾಕಿ ಪೂರ್ತಿ ಚಿತ್ರವಾಗಿ ತಯಾರಿಸಲು ಕೊಟ್ಟೆವು. ಬೆಳಿಗ್ಗೆ ಕರೆಂಟ್ ಇತ್ತು, ಎಲ್ಲಕ್ಕೂ ಚಾರ್ಜರ್ ಹಾಕಿತ್ತು. ಗೇಮಿಂಗ್ ಲ್ಯಾಪ್‌ಟಾಪ್ ಸಲೀಸಾಗಿ ಮೊದಲು ಮುಗಿಸಿತು. ಎರಡನೆಯದು ರೈಜನ್, ಅದರ ಬೆನ್ನಿಗೇ ಮ್ಯಾಕ್. ಹುಡುಗನ ಮುಖ ಅರಳಿತು. "ನಾನ್ ಹೇಳ್ಲಿಲ್ವಾ ಅಣ್ಣ, 62 ಸಾವಿರಕ್ಕೆ ಇದಕ್ಕಿಂತ ಒಳ್ಳೇದು ಸಿಗಲ್ಲ" ಅಂದ. ಅವನ ಮಾತು ತಪ್ಪಲ್ಲ. ಆ ದುಡ್ಡಿಗೆ ಅಷ್ಟು ಶಕ್ತಿ ಬೇರೆಡೆ ಸಿಗುವುದು ಆಗ ಕಷ್ಟವೇ ಇತ್ತು.

ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಆ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಎಲ್ಲೋ ಲೈನಿನ ಮೇಲೆ ಮರ ಬಿದ್ದಿರುತ್ತದೆ. ನಾವು ಅದೇ ರೆಂಡರ್ ಅನ್ನು ಬ್ಯಾಟರಿಯಲ್ಲೇ ಮತ್ತೆ ಓಡಿಸಿದೆವು.

ಗೇಮಿಂಗ್ ಲ್ಯಾಪ್‌ಟಾಪ್ ಈ ಸಲ ಹೆಚ್ಚುಕಮ್ಮಿ ಎರಡು ಪಟ್ಟು ಹೊತ್ತು ತೆಗೆದುಕೊಂಡಿತು. ರೈಜನ್ ಸ್ವಲ್ಪ ನಿಧಾನವಾಯಿತು. ಮ್ಯಾಕ್ ಬೆಳಿಗ್ಗೆ ಎಷ್ಟು ಹೊತ್ತು ತೆಗೆದುಕೊಂಡಿತ್ತೋ ಈಗಲೂ ಅಷ್ಟೇ. ಹಂಚಿನ ಮೇಲೆ ಮಳೆ ಹೊಡೆಯುತ್ತಿದ್ದರೂ ಗೇಮಿಂಗ್ ಲ್ಯಾಪ್‌ಟಾಪ್ ಫ್ಯಾನಿನ ಸದ್ದು ಕೇಳುತ್ತಿತ್ತು. ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಅದಕ್ಕೆ ಅದರದೇ ತೊಂದರೆಯೂ ಇದೆ. ಬಿಡುವಿಲ್ಲದೆ ರೆಂಡರ್ ಮಾಡಿಸುತ್ತಾ ಹೋದಾಗ ಮೈ ಬಿಸಿಯಾಗಿ ಅದೂ ಕೊಂಚ ನಿಧಾನವಾಯಿತು.

"ಮಾವ, ಚಾರ್ಜರ್ ತೆಗೆದ್ರೆ ಯಾಕೆ ಹೀಗಾಗ್ತದೆ? ಚಿಪ್ ಅದೇ ಅಲ್ವಾ?" ಅಂತ ಅಕ್ಕನ ಮಗಳು ಕೇಳಿದಳು.

ಚಿಪ್ ಅದೇ. ಸಿಗುವ ವಿದ್ಯುತ್ ಮಾತ್ರ ಬೇರೆ. 12450ಎಚ್ ಪ್ರೊಸೆಸರ್‌ಗೆ ಇಂಟೆಲ್ ಹೇಳುವ ಬೇಸ್ ಪವರ್, ಅಂದರೆ ಮಾಮೂಲಿ ಮಟ್ಟ, 45 ವ್ಯಾಟ್. ಜೋರು ಕೆಲಸ ಬಂದಾಗ ಸ್ವಲ್ಪ ಹೊತ್ತು 95 ವ್ಯಾಟ್‌ವರೆಗೂ ಹೋಗಬಲ್ಲದು. ಆ ಲ್ಯಾಪ್‌ಟಾಪಿನ ಬ್ಯಾಟರಿ 52 ವ್ಯಾಟ್ ಅವರ್. ಅಂದರೆ 52 ವ್ಯಾಟ್ ಎಳೆದರೆ ಒಂದು ಗಂಟೆ ಬರುತ್ತದೆ, 10 ವ್ಯಾಟ್ ಎಳೆದರೆ ಐದು ಗಂಟೆ. 95 ವ್ಯಾಟ್ ಎಳೆಯಲು ಬಿಟ್ಟರೆ ಅರ್ಧ ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಖಾಲಿ. ಅಷ್ಟು ಜೋರಾಗಿ ಎಳೆಯುವುದು ಬ್ಯಾಟರಿಗೂ ಒಳ್ಳೆಯದಲ್ಲ. ಹಾಗಾಗಿ ಪ್ಲಗ್ ತೆಗೆದ ಕೂಡಲೇ ಲ್ಯಾಪ್‌ಟಾಪ್ ತಾನೇ ಕೈ ಬಿಗಿ ಮಾಡುತ್ತದೆ. ಬಾಕ್ಸ್ ಮೇಲೆ ಬರೆದ ಶಕ್ತಿ ಗೋಡೆಯ ಸಾಕೆಟ್ ಹತ್ತಿರ ಇರುವಾಗಿನದು.

ನನಗೆ ನಿಜವಾಗಿ ಆಶ್ಚರ್ಯವಾಗಿದ್ದು ಮುಂದಿನ ಲೆಕ್ಕ ನೋಡಿ. ಮ್ಯಾಕ್‌ಬುಕ್ ಏರ್‌ನ ಬ್ಯಾಟರಿ 49.9 ವ್ಯಾಟ್ ಅವರ್. ತೆಳು ರೈಜನ್‌ನದು 47. ಮೂರೂ ಹೆಚ್ಚುಕಮ್ಮಿ ಒಂದೇ! ಬ್ಯಾಟರಿ ದೊಡ್ಡದಿದ್ದರೆ ಜಾಸ್ತಿ ಹೊತ್ತು ಬರುತ್ತದೆ ಅನ್ನುತ್ತಾರಲ್ಲ, ಇಲ್ಲಿ ದೊಡ್ಡ ಬ್ಯಾಟರಿ ಇದ್ದಿದ್ದೇ ಬೇಗ ಮುಗಿಯುವ ಯಂತ್ರದಲ್ಲಿ. ಸ್ಕ್ರೀನಿನ ಬೆಳಕು ಕಣ್ಣಳತೆಯಲ್ಲಿ ಸಮ ಮಾಡಿ, ಮೊದಲೇ ಇಳಿಸಿಕೊಂಡಿದ್ದ ಒಂದೇ ವಿಡಿಯೊ ಹಾಕಿಟ್ಟು ನೋಡಿದೆವು. ಚಾರ್ಜ್ ಇಳಿಯುವ ವೇಗದ ಮೇಲೆ ಲೆಕ್ಕ ಹಾಕಿದರೆ ಗೇಮಿಂಗ್ ಲ್ಯಾಪ್‌ಟಾಪ್‌ಗೆ ಸುಮಾರು ಮೂರು ಗಂಟೆ, ರೈಜನ್‌ಗೆ ಏಳು, ಮ್ಯಾಕ್‌ಗೆ ಹದಿಮೂರರ ಹತ್ತಿರ. ಭಾಗಿಸಿದರೆ ಮೊದಲನೆಯದು ಗಂಟೆಗೆ 17 ವ್ಯಾಟ್ ಅವರ್ ತಿನ್ನುತ್ತಿತ್ತು, ಕೊನೆಯದು ನಾಲ್ಕಕ್ಕಿಂತ ಕಡಿಮೆ. ನೋಡುತ್ತಿದ್ದ ವಿಡಿಯೊ ಮಾತ್ರ ಅದೇ.

ಎಂ1 ಚಿಪ್‌ನಲ್ಲಿ ಎಂಟು ಕೋರ್‌ಗಳಿವೆ, ಅಂದರೆ ಕೆಲಸ ಮಾಡುವ ಎಂಟು ಘಟಕ. ನಾಲ್ಕು ಜೋರು ಕೆಲಸಕ್ಕೆ, ನಾಲ್ಕು ಸಣ್ಣಪುಟ್ಟ ಕೆಲಸಕ್ಕೆ. ವಿಡಿಯೊ ಓಡಿಸಲು ಅದಕ್ಕೆಂದೇ ಮೀಸಲಾದ ಭಾಗವಿದೆ, ರ‍್ಯಾಮ್ ಚಿಪ್‌ಗೆ ಅಂಟಿಕೊಂಡೇ ಇದೆ. ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ 144 ಹರ್ಟ್ಸ್ ಸ್ಕ್ರೀನ್ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತಿತ್ತು, ಗ್ರಾಫಿಕ್ಸ್ ಚಿಪ್ ಕೆಲಸವಿಲ್ಲದಿದ್ದರೂ ಎಚ್ಚರವಾಗಿತ್ತು. ಸ್ಕ್ರೀನನ್ನು 60 ಹರ್ಟ್ಸ್‌ಗೆ ಇಳಿಸಿ, ಗ್ರಾಫಿಕ್ಸ್ ಮಲಗುವ ಹಾಗೆ ಮಾಡಿದ ಮೇಲೆ ಹುಡುಗನಿಗೆ ಇನ್ನೂ ಒಂದು ಗಂಟೆ ಜಾಸ್ತಿ ಸಿಗುವ ಲಕ್ಷಣ ಕಂಡಿತು. ಅವನಿಗೆ ಖುಷಿಯೋ ಖುಷಿ. ಗೇಮಿಂಗ್ ಲ್ಯಾಪ್‌ಟಾಪ್ ಇರುವವರು ದಯವಿಟ್ಟು ಇದೊಂದನ್ನು ಮಾಡಿಕೊಳ್ಳಿ, ಕಾಸಿಲ್ಲದೆ ಸಿಗುವ ಲಾಭ.

ಮಧ್ಯಾಹ್ನ ಊಟದ ಹೊತ್ತಿಗೆ ಅವನ ಬ್ಯಾಟರಿಯ ಗುರುತು ಕೆಂಪಾಯಿತು. ಇನ್ವರ್ಟರ್‌ಗೆ ಸಿಕ್ಕಿಸಿದ. ಚಾರ್ಜರ್ ಇಟ್ಟಿಗೆಯಷ್ಟು ದಪ್ಪ, ಮೇಲೆ 180 ವ್ಯಾಟ್ ಅಂತ ಬರೆದಿತ್ತು. 9 ವ್ಯಾಟಿನ ಇಪ್ಪತ್ತು ಎಲ್‌ಇಡಿ ಬಲ್ಬ್ ಒಟ್ಟಿಗೆ ಹಚ್ಚಿದ ಲೆಕ್ಕ. ಭಾವ ಒಳಗಿಂದಲೇ ಕೂಗಿದರು: "ಅದೊಂದನ್ನ ತೆಗಿ ಮಾರಾಯ, ರಾತ್ರಿಗೆ ಲೈಟ್ ಬೇಕು!" ರೈಜನ್‌ನದು 65 ವ್ಯಾಟ್ ಚಾರ್ಜರ್, ಮ್ಯಾಕ್‌ನದು ಬರೀ 30. ಹಾಸ್ಟೆಲ್‌ನಲ್ಲಿ ಒಂದು ರೂಮಿಗೆ ಮೂವರು, ಗೋಡೆಯಲ್ಲಿ ಇರುವುದು ಎರಡೇ ಸಾಕೆಟ್ ಅಂತ ಅಕ್ಕನ ಮಗಳು ಆಗ ನೆನಪು ಮಾಡಿದಳು. ನನ್ನ ಮಟ್ಟಿಗೆ ಗೇಮಿಂಗ್ ಲ್ಯಾಪ್‌ಟಾಪ್ ಅಲ್ಲಿಗೆ ಪಟ್ಟಿಯಿಂದ ಹೋಯಿತು.

ಹಾಗಾದರೆ ಮ್ಯಾಕ್ ಅಲ್ವಾ? ಅವಳಿಗೂ ಅದೇ ಆಸೆ. 2020ರ ನವೆಂಬರ್‌ನಲ್ಲಿ ಅದು ಬಂದಾಗ ಇಲ್ಲಿ ಶುರುವಿನ ಬೆಲೆ 92,900 ರೂಪಾಯಿ. ಹೊಸ ಎಂ2 ಬಂದ ಮೇಲೆ ಸೇಲ್‌ಗಳಲ್ಲಿ ಸಾಕಷ್ಟು ಇಳಿದಿತ್ತು. ಭಾವನನ್ನು ಒಪ್ಪಿಸಿದರೆ ಇನ್ನೊಂದಿಷ್ಟು ಸೇರಿಸುತ್ತಿದ್ದರೇನೋ. ಆದರೆ ಸಿವಿಲ್ ಓದುವವರಿಗೆ ಬೇಕಾದ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್‌ಗಳು, ರೆವಿಟ್, ಸ್ಟಾಡ್ ಪ್ರೊ, ಈಟ್ಯಾಬ್ಸ್ ಎಲ್ಲ ವಿಂಡೋಸ್‌ಗೆ ಮಾತ್ರ. ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿ ಇದೆ, ಅದೊಂದೇ ಸಾಲದು. ಹಳೆಯ ಇಂಟೆಲ್ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಬಳಸಿ ವಿಂಡೋಸ್ ಹಾಕಿಕೊಳ್ಳಬಹುದಿತ್ತು, ಎಂ1ನಲ್ಲಿ ಆ ದಾರಿ ಮುಚ್ಚಿದೆ. ಸುತ್ತುಬಳಸಿನ ದಾರಿಗಳಿವೆ. ಪರೀಕ್ಷೆ ಮುಂದಿಟ್ಟುಕೊಂಡ ಹುಡುಗಿಯನ್ನು ಅಂಥ ದಾರಿಗೆ ತಳ್ಳಲು ನನಗೆ ಮನಸ್ಸಾಗಲಿಲ್ಲ. ಮೇಲಾಗಿ ಶುರುವಿನ ಮಾಡೆಲ್‌ನಲ್ಲಿ ಇರುವುದು 8 ಜಿಬಿ ರ‍್ಯಾಮ್. ಮುಂದೆ ಸೇರಿಸಲು ಆಗುವುದೇ ಇಲ್ಲ. ರೆವಿಟ್ ರ‍್ಯಾಮ್ ತಿನ್ನುವುದರಲ್ಲಿ ಎತ್ತಿದ ಕೈ.

ಉಳಿದಿದ್ದು ತೆಳು ರೈಜನ್. ಅಂಥದ್ದೇ ಕೊಳ್ಳೋಣ ಅಂತ ಮರುದಿನ ಶಿವಮೊಗ್ಗಕ್ಕೆ ಹೋದೆವು. ಅಲ್ಲಿ ಒಂದು ಅಂಗಡಿಯವರು ಥಳಥಳ ಹೊಳೆಯುವ ಲ್ಯಾಪ್‌ಟಾಪ್ ತೋರಿಸಿದರು. "ರೈಜನ್ 5 ಸರ್, ಲೇಟೆಸ್ಟ್ 7000 ಸೀರೀಸ್. ನೀವು ಹೇಳಿದ್ದಕ್ಕಿಂತ ಆರು ಸಾವಿರ ಕಡಿಮೆ." ಭಾವ ಆಗಲೇ ಜೇಬಿಗೆ ಕೈ ಹಾಕಿದ್ದರು. ಸ್ಟಿಕ್ಕರ್ ನೋಡಿದರೆ ಸರಿಯಾಗೇ ಇದೆ. ಸಿಸ್ಟಮ್ ಪ್ರಾಪರ್ಟೀಸ್ ತೆಗೆದು ನೋಡಿದೆ. 7520ಯು ಅಂತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. 2023ರ ಈ ರೈಜನ್ ಹೆಸರುಗಳಲ್ಲಿ ಮೊದಲ ಅಂಕಿ ವರ್ಷವನ್ನು ಹೇಳುತ್ತದೆ. ಒಳಗಿನ ಕೋರ್ ಯಾವ ತಲೆಮಾರಿನದು ಅಂತ ಹೇಳುವುದು ಮೂರನೇ ಅಂಕಿ. 7530ಯುನಲ್ಲಿ ಅದು 3, ಅಂದರೆ ಝೆನ್ 3. ಆರು ಕೋರ್. 7520ಯುನಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಝೆನ್ 2. ನಾಲ್ಕೇ ಕೋರ್. 2021ರ 5500ಯು ಕೂಡ ಝೆನ್ 2, ಆದರೆ ಅದರಲ್ಲಿ ಆರು ಕೋರ್ ಇತ್ತು. ದೊಡ್ಡ ನಂಬರ್ ನೋಡಿ ಕೊಂಡವರಿಗೆ ಎರಡು ಕೋರ್ ಕಡಿಮೆ! ಸಾಲದ್ದಕ್ಕೆ 7520ಯು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಅಂಗಡಿಯಲ್ಲಿದ್ದಿದ್ದು 8 ಜಿಬಿ, ಕೊನೆವರೆಗೂ ಅಷ್ಟೇ. ಬ್ರೌಸಿಂಗ್, ಟೈಪಿಂಗ್ ಮಾಡುವವರಿಗೆ ಆ ಚಿಪ್ ಧಾರಾಳ ಸಾಕು, ಬ್ಯಾಟರಿಯೂ ಚೆನ್ನಾಗಿ ಬರುತ್ತದೆ. ಇಂಜಿನಿಯರಿಂಗ್ ವಿದ್ಯಾರ್ಥಿಗೆ ಅದನ್ನು ಲೇಟೆಸ್ಟ್ ಅಂತ ಹೇಳಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಊರಿಂದ ಬಂದು ಸಾಲಸೋಲ ಮಾಡಿ ಕೊಳ್ಳುವ ಅಪ್ಪಂದಿರಿಗೆ ಆ ಮೂರನೇ ಅಂಕಿಯ ವಿಷಯ ಯಾರು ಹೇಳಬೇಕು?

ಭಾವನಿಗೆ ಹೊರಗೆ ಕರೆದು ವಿವರಿಸಿದೆ. "ಆರು ಸಾವಿರಕ್ಕೆ ಇಷ್ಟು ವ್ಯತ್ಯಾಸವಾ?" ಅಂದರು. "ನಾಲ್ಕು ವರ್ಷ ಬಾಳಬೇಕು ಭಾವ, ಆರು ಸಾವಿರ ಉಳಿಸಿ ಎರಡೇ ವರ್ಷಕ್ಕೆ ಹೊಸದು ತಗೊಳ್ಳೋದು ಬೇಡ" ಅಂದೆ. ಒಪ್ಪಿದರು.

ಮೂರನೇ ಅಂಗಡಿಯಲ್ಲಿ 7530ಯು ಸಿಕ್ಕಿತು. 8 ಜಿಬಿ ರ‍್ಯಾಮ್, ಇನ್ನೊಂದು ಸ್ಲಾಟ್ ಖಾಲಿ, 512 ಜಿಬಿ ಎಸ್‌ಎಸ್‌ಡಿ, ತೂಕ ಒಂದೂಮುಕ್ಕಾಲು ಕೆಜಿಯೊಳಗೆ. ಜಿಎಸ್‌ಟಿ ಸೇರಿ 52 ಸಾವಿರ. ಸ್ಕ್ರೀನ್ ಮಾತ್ರ ಸಾಧಾರಣ. 250 ನಿಟ್ಸ್ ಬೆಳಕು, ಬಣ್ಣ ಸ್ವಲ್ಪ ಮಂಕು. ಮ್ಯಾಕ್‌ನ 400 ನಿಟ್ಸ್ ನೋಡಿದ ಕಣ್ಣಿಗೆ ಅದು ಎದ್ದು ಕಾಣುತ್ತದೆ. ಈ ಬೆಲೆಯಲ್ಲಿ ಕಂಪನಿಗಳು ಮೊದಲು ಕತ್ತರಿ ಹಾಕುವುದು ಸ್ಕ್ರೀನಿಗೇ. ಅವಳಿಗೂ ತೋರಿಸಿದೆ, ಕಿಟಕಿ ಪಕ್ಕ ಇಟ್ಟು ನೋಡಿದಳು, ನಡೆಯುತ್ತದೆ ಅಂದಳು.

ಇನ್ನೊಂದು 8 ಜಿಬಿ ರ‍್ಯಾಮ್‌ಗೆ ಎರಡು ಸಾವಿರದೊಳಗೆ ಆಯಿತು. ಅಂಗಡಿಯ ಹುಡುಗ ಹಿಂದಿನ ಮುಚ್ಚಳ ಬಿಚ್ಚಿದಾಗ ಅವಳೇ ಕೂರಿಸುತ್ತೇನೆ ಅಂದಳು. ಪಟ್ಟಿಯನ್ನು ಓರೆಯಾಗಿ ಸ್ಲಾಟ್‌ಗೆ ತುರುಕಿ ಕೆಳಕ್ಕೆ ಒತ್ತಿದರೆ ಎರಡು ಬದಿಯ ಕ್ಲಿಪ್ ಟಕ್ ಅನ್ನುತ್ತದೆ, ಅಷ್ಟೇ ಕೆಲಸ. ರ‍್ಯಾಮ್ ಎರಡು ಪಟ್ಟಿಯಾದರೆ ರೈಜನ್‌ನ ಒಳಗಿನ ಗ್ರಾಫಿಕ್ಸ್‌ಗೂ ಬಲ ಬರುತ್ತದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಇದನ್ನೇ ಹಂಚಿಕೊಳ್ಳುತ್ತದೆ.

ಮನೆಗೆ ಬಂದು ಬ್ಯಾಟರಿ ರಿಪೋರ್ಟ್ ತೆಗೆಯುವುದನ್ನು ಹೇಳಿಕೊಟ್ಟೆ. ವಿಂಡೋಸ್‌ನಲ್ಲಿ ಒಂದೇ ಕಮಾಂಡ್‌ಗೆ ಬರುತ್ತದೆ. ಬ್ಯಾಟರಿ ಹೊಸದರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಅಂತ ಎರಡು ಅಂಕಿ ತೋರಿಸುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ಇದನ್ನು ನೋಡದೆ ದುಡ್ಡು ಕೊಡಬಾರದು. ಸದಾ ಪ್ಲಗ್‌ನಲ್ಲೇ ಇಡುವಾಗ ಚಾರ್ಜ್ 80ಕ್ಕೆ ನಿಲ್ಲುವ ಹಾಗೆ ಸೆಟ್ಟಿಂಗ್ ಮಾಡಿದೆ, ಲಿಥಿಯಂ ಬ್ಯಾಟರಿ ಹಾಗೆ ಇಟ್ಟರೆ ಜಾಸ್ತಿ ಬಾಳುತ್ತದೆ. ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ರೆವಿಟ್ ಉಚಿತವಾಗಿ ಕೊಡುತ್ತದೆ. ಅದನ್ನು ಇಳಿಸಲು ಅಕ್ಕನ ಮನೆಯ ನೆಟ್ ಸಾಕಾಗಲಿಲ್ಲ. ಹಾಸನಕ್ಕೆ ಹೋದ ಮೇಲೆ ಇಳಿಸಿಕೊಳ್ಳುತ್ತೇನೆ ಅಂತ ಬ್ಯಾಗಿಗೆ ಹಾಕಿಕೊಂಡಳು.