ಮೋಟರ್ ಬಿಚ್ಚುವ ಮೊದಲು: ದೂರದರ್ಶಕದ ಮೌಂಟ್ ರಿಪೇರಿಯಲ್ಲಿ ಕಲಿತದ್ದು

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ಕಾಲೇಜು ಲ್ಯಾಬಿನ ಮೈಕ್ರೋಸ್ಕೋಪ್, ಸರ್ವೆಯವರ ಥಿಯೋಡೊಲೈಟ್, ಆಟೋ ಲೆವೆಲ್ ಇವೇ ಜಾಸ್ತಿ ಬರುತ್ತವೆ. ಈಚೆಗೆ ಶಾಲೆ, ಕಾಲೇಜುಗಳ ದೂರದರ್ಶಕಗಳೂ ಬರತೊಡಗಿವೆ. ದೂರದರ್ಶಕದ ಕೊಳವೆ ಅಷ್ಟಾಗಿ ಕೆಡುವುದಿಲ್ಲ. ಕೆಡುವುದು ಅದರ ಕೆಳಗಿನ ಮೌಂಟ್, ಅಂದರೆ ಮೋಟರಿನಿಂದ ಕೊಳವೆಯನ್ನು ನಕ್ಷತ್ರದ ಹಿಂದೆಯೇ ತಿರುಗಿಸುವ ಭಾಗ. ತಂದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಮೋಟರ್ ಸುಟ್ಟೈತ್ರಿ." ಮೋಟರ್ ನಿಜವಾಗಿ ಸುಟ್ಟಿರುವುದು ಬಹಳ ಕಡಿಮೆ. ತೂಕ, ಕರೆಂಟ್, ಗೇರ್ ಈ ಮೂರನ್ನು ನೋಡದೆ ನಾನು ಮೋಟರಿಗೆ ಕೈ ಹಾಕುವುದಿಲ್ಲ.

ಮೌಂಟ್ ಮಾಡುವ ಕೆಲಸ ಕೇಳಲು ಸುಲಭ. ಭೂಮಿ ತನ್ನ ಸುತ್ತ ಒಂದು ಸುತ್ತು ಬರಲು 23 ಗಂಟೆ 56 ನಿಮಿಷ 4 ಸೆಕೆಂಡ್ ಬೇಕು. ಮೌಂಟ್ ಅಷ್ಟೇ ಹೊತ್ತಿನಲ್ಲಿ ಉಲ್ಟಾ ದಿಕ್ಕಿಗೆ ಒಂದು ಸುತ್ತು ಬರಬೇಕು. ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ಓರೆ ಮಾಡಿಟ್ಟರೆ, ಒಂದೇ ಮೋಟರ್ ಒಂದೇ ವೇಗದಲ್ಲಿ ತಿರುಗಿದರೆ ಸಾಕು. ಇದು ಹಳೆಯ ಉಪಾಯ. 1824ರಲ್ಲಿ ಜರ್ಮನಿಯ ಮಸೂರ ತಯಾರಕ ಫ್ರೌನ್‌ಹೋಫರ್ ಡೋರ್ಪಾಟ್ (ಈಗಿನ ಎಸ್ಟೋನಿಯಾದ ಟಾರ್ಟು) ವೀಕ್ಷಣಾಲಯಕ್ಕೆ ಮಾಡಿಕೊಟ್ಟ ದೂರದರ್ಶಕದಲ್ಲಿ ಮೋಟರಿನ ಜಾಗದಲ್ಲಿ ತೂಕ ಇಳಿಬಿಟ್ಟ ಗಡಿಯಾರದ ಯಂತ್ರ ಇತ್ತು. ಮೋಟರ್ ನಿಂತರೆ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ) ಜಾರುತ್ತದೆ. ಗುರುಗ್ರಹ ತನ್ನ ಅಗಲದಷ್ಟು ಸರಿಯಲು ಸುಮಾರು ಮೂರೇ ಸೆಕೆಂಡ್. ಸಾಲಿನಲ್ಲಿ ನಿಂತ ಹುಡುಗಿ ಸ್ಟೂಲ್ ಹತ್ತಿ ಕಣ್ಣಿಡುವಷ್ಟರಲ್ಲಿ ಗ್ರಹ ಹೊರಗೆ ಹೋಗಿರುತ್ತದೆ. ಅಷ್ಟು ಹೊತ್ತು ಕಾದ ಮಗುವಿಗೆ ಬರೀ ಕತ್ತಲೆ ಕಾಣಿಸಬಾರದು ಅಂತಲೇ ನನಗೆ ಈ ಕೆಲಸದ ಮೇಲೆ ಇಷ್ಟು ಆಸ್ಥೆ.

ಗದಗ ಕಡೆಯ ಒಂದು ಹೈಸ್ಕೂಲಿನ ವಿಜ್ಞಾನ ಮಾಸ್ತರು ಒಮ್ಮೆ ಮೌಂಟ್ ಹೊತ್ತು ತಂದರು.

"ಅಣ್ಣಾರ, ಹೊಸಾ ಮೋಟರ್ ಹಾಕಬೇಕಾಗತೈತೇನ್ರಿ? ತಿರಗಾಕ ಹೋಗಿ ಕಟಕಟ ಅಂತೈತಿ, ಆಮ್ಯಾಲೆ ನಿಂತ ಬಿಡತೈತಿ."

"ಸರ, ಮೊದಲ ಕೊಳವಿ ಕೂಡಿಸಿ ನೋಡೂಣ್ರಿ," ಅಂದೆ.

ಕೊಳವೆ ಕೂಡಿಸಿ, ಕೈಯಲ್ಲಿ ಹಿಡಿದುಕೊಂಡೇ ಕ್ಲಚ್, ಅಂದರೆ ಅಕ್ಷವನ್ನು ಗೇರಿಗೆ ಹಿಡಿದಿಡುವ ಭಾಗ, ಸಡಿಲ ಮಾಡಿದೆ. ಮೂತಿ ಭಾರವಾಗಿ ಕೆಳಗೆ ಜಗ್ಗಿತು. ಫೋನ್ ಹಿಡಿಯುವ ಕ್ಲಿಪ್ಪು, ಗುರಿ ಹಿಡಿಯುವ ದೊಡ್ಡ ಫೈಂಡರ್ ಎಲ್ಲ ಸೇರಿಸಿದ ಮೇಲೆ ಯಾರೂ ತೂಕ ಮತ್ತೆ ಹೊಂದಿಸಿರಲಿಲ್ಲ. ಕೊಳವೆಯನ್ನು ಹಿಡಿಕೆಯಲ್ಲಿ ಹಿಂದೆ ಸರಿಸಿದೆ. ಎದುರುತೂಕವನ್ನು ಕಂಬಿಯ ಮೇಲೆ ಜರುಗಿಸಿ, ಕೈಬಿಟ್ಟ ಕಡೆ ನಿಲ್ಲುವ ಹಾಗೆ ಮಾಡಿದೆ. ಸರಿಯಾಗಿ ತೂಗಿದ ಮೇಲೆ ಪೂರ್ವದ ಕಡೆಗೆ ಒಂದು ಚೂರು ಭಾರ ಉಳಿಸಬೇಕು. ಆಗ ಗೇರಿನ ಹಲ್ಲು ಯಾವಾಗಲೂ ಒಂದೇ ಬದಿಗೆ ಆನಿಕೊಂಡಿರುತ್ತದೆ, ನಕ್ಷತ್ರ ಹಿಂದೆ ಮುಂದೆ ತೂರಾಡುವುದಿಲ್ಲ.

ಅರ್ಧ ಸಮಸ್ಯೆ ಅಲ್ಲಿಗೇ ಹೋಯಿತು. ಉಳಿದರ್ಧ ಬ್ಯಾಟರಿಯಲ್ಲಿತ್ತು. ಬೈಕಿನ ಬ್ಯಾಟರಿಗೆ ಉದ್ದನೆಯ ತೆಳ್ಳನೆಯ ವೈರ್ ಕಟ್ಟಿದ್ದರು. ಸುಮ್ನೆ ಇದ್ದಾಗ ಮೀಟರ್ 12 ವೋಲ್ಟಿಗಿಂತ ಮೇಲೆ ತೋರಿಸುತ್ತಿತ್ತು. ಎರಡೂ ಮೋಟರ್ (ಗುರಿ ಹುಡುಕಲು ಎರಡನೇ ಅಕ್ಷಕ್ಕೂ ಒಂದು ಇರುತ್ತದೆ) ಜೋರಾಗಿ ತಿರುಗಿದ ಕೂಡಲೇ ಮೌಂಟಿನ ತುದಿಯಲ್ಲಿ 11ರ ಕೆಳಗೆ ಇಳಿಯಿತು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟರ್‌ಗೆ ಕರೆಂಟ್ ಸಾಲದಿದ್ದರೆ ಹೆಜ್ಜೆ ತಪ್ಪುತ್ತದೆ. ಆ ಕಟಕಟ ಶಬ್ದ ಅದೇ. ಎನ್‌ಕೋಡರ್, ಅಂದರೆ ಅಕ್ಷ ಎಷ್ಟು ತಿರುಗಿತು ಎಂದು ಅಳೆಯುವ ಭಾಗ, ಇಲ್ಲದ ಮೌಂಟಿಗೆ ಹೆಜ್ಜೆ ತಪ್ಪಿದ್ದೂ ಗೊತ್ತಾಗುವುದಿಲ್ಲ. ರಿಮೋಟಿನಲ್ಲಿ ಶನಿಗ್ರಹ ಕೇಳಿದರೆ ಖಾಲಿ ಆಕಾಶ ತೋರಿಸಿ, ತಲುಪಿದೆ ಎಂದೇ ಹೇಳುತ್ತದೆ. ಆದ್ದರಿಂದ ವೋಲ್ಟ್ ಅಳೆಯುವುದಾದರೆ ಮೌಂಟ್ ಓಡುತ್ತಿರುವಾಗ, ಪ್ಲಗ್ಗಿನ ಹತ್ತಿರವೇ ಅಳೆಯಿರಿ. ವೈರ್ ದಪ್ಪ ಮತ್ತು ಗಿಡ್ಡ ಇರಲಿ.

ಇನ್ನು ಗೇರ್. ನನ್ನ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ಇದೇ. ಒಳಗೆ ಒಂದು ಹಿತ್ತಾಳೆ ಹಲ್ಲಿನ ಚಕ್ರ, ಅದಕ್ಕೆ ಒತ್ತಿಕೊಂಡು ತಿರುಗುವ ಸುರುಳಿ, ಅಂದರೆ ವರ್ಮ್. ಎರಡರ ನಡುವೆ ಸಂದು ಜಾಸ್ತಿಯಾದರೆ ಪ್ಲೇ, ಅಂದರೆ ಸಡಿಲಾಟ, ಬರುತ್ತದೆ. ಕ್ಲಚ್ ಬಿಗಿ ಮಾಡಿ, ಎದುರುತೂಕದ ಕಂಬಿಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ಅಲುಗಿಸಿ. ಟಕ್ ಟಕ್ ಅಂದರೆ ಪ್ಲೇ ಇದೆ. ಆದರೆ ತಕ್ಷಣ ಚಕ್ರದ ಕಡೆಗೆ ಬಿಗಿ ಮಾಡಬೇಡಿ. ಕವರ್ ತೆಗೆದು, ಅಲುಗಿಸುವಾಗ ವರ್ಮ್ ತಾನೇ ಉದ್ದಕ್ಕೆ ಹಿಂದೆ ಮುಂದೆ ಸರಿಯುತ್ತದೆಯೇ ನೋಡಿ. ಸರಿಯುತ್ತಿದ್ದರೆ ತಪ್ಪು ಅದರ ಬೇರಿಂಗ್ ಹಿಡಿದಿರುವ ನಟ್ಟಿನದು. ಅದನ್ನು ಬಿಟ್ಟು ಚಕ್ರಕ್ಕೆ ಒತ್ತಿದರೆ ಹಲ್ಲು ಸವೆಯುತ್ತದೆ, ಪ್ಲೇ ಹಾಗೇ ಉಳಿಯುತ್ತದೆ.

ವರ್ಮ್ ಸರಿಯುತ್ತಿಲ್ಲ ಅಂತಾದರೆ ಅದನ್ನು ಹಿಡಿಯುವ ಬೋಲ್ಟುಗಳನ್ನು ತುಸು ಸಡಿಲಿಸಿ, ವರ್ಮನ್ನು ಚಕ್ರದ ಕಡೆ ಒತ್ತುವ ತಲೆಯಿಲ್ಲದ ಗ್ರಬ್ ಸ್ಕ್ರೂವನ್ನು ಅಲೆನ್ ಕೀಯಿಂದ ಎಂಟನೇ ಒಂದು ಸುತ್ತಷ್ಟೇ ತಿರುಗಿಸಿ. ಬೋಲ್ಟ್ ಬಿಗಿ ಮಾಡಿ ಮತ್ತೆ ಅಲುಗಿಸಿ ನೋಡಿ. ಯಾವ ಚಕ್ರವೂ ಪೂರ್ತಿ ದುಂಡಗಿರುವುದಿಲ್ಲ. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಇದ್ದೇ ಇರುತ್ತದೆ. ಮೋಟರಿನಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ಶಬ್ದಕ್ಕೆ ಕಿವಿ ಕೊಡಿ. ಶಬ್ದ ಭಾರವಾಗುವ ಜಾಗವೇ ಬಿಗಿ ಜಾಗ. ಅಲ್ಲಿ ನಿಲ್ಲಿಸಿ ಹೊಂದಿಸಿ. ಸಡಿಲ ಜಾಗದಲ್ಲಿ ಹೊಂದಿಸಿದರೆ ಬಿಗಿ ಜಾಗಕ್ಕೆ ಬಂದಾಗ ಮೋಟರ್ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಪ್ಲೇ ಉಳಿದರೂ ಪರವಾಗಿಲ್ಲ, ಸಿಕ್ಕಿಕೊಳ್ಳಬಾರದು.

ಈ ಕೆಲಸವನ್ನು ನಾನು ಮಧ್ಯಾಹ್ನದ ಬಿಸಿಲಲ್ಲಿ ಮುಗಿಸುವುದಿಲ್ಲ. ಮೌಂಟಿನ ಮೈ ಅಲ್ಯುಮಿನಿಯಂ, ಚಕ್ರ ಹಿತ್ತಾಳೆ. ತಂಪಾದಾಗ ಅಲ್ಯುಮಿನಿಯಂ ಹಿತ್ತಾಳೆಗಿಂತ ಜಾಸ್ತಿ ಕುಗ್ಗುತ್ತದೆ, ವರ್ಮ್ ಚಕ್ರಕ್ಕೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಧಾರವಾಡದ ಡಿಸೆಂಬರ್ ರಾತ್ರಿಗೆ ಬೇಕಾದ ಮೌಂಟನ್ನು ಕಾದ ತಗಡಿನ ಶೆಡ್ಡಿನಲ್ಲಿ ಹೊಂದಿಸಿದರೆ ರಾತ್ರಿ ಅದು ನಿಲ್ಲುವುದು ಖಂಡಿತ ಅಂತಲೇ ಇಟ್ಟುಕೊಳ್ಳಿ. ಸಂಜೆ ತಂಪಾದ ಮೇಲೆ, ಹೊರಗಿಟ್ಟು ಹೊಂದಿಸುವುದು ಒಳ್ಳೆಯದು.

ಹಳೆಯ ಗ್ರೀಸಿನದೂ ಒಂದು ಕಥೆ. ನಮ್ಮ ಕಡೆಯ ದೂಳು ಗ್ರೀಸಿಗೆ ಅಂಟಿಕೊಂಡರೆ ಅದು ಎಣ್ಣೆಯ ಕೆಲಸ ಬಿಟ್ಟು ಉಜ್ಜುಕಾಗದದ ಕೆಲಸ ಮಾಡುತ್ತದೆ. ಹಲ್ಲುಜ್ಜುವ ಹಳೆ ಬ್ರಷ್ಷಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಲ್ಲುಹಲ್ಲಿನ ಸಂದಿಯಿಂದ ತೆಗೆದುಹಾಕಿ, ಆಮೇಲೆ ಬಿಳಿ ಲಿಥಿಯಂ ಗ್ರೀಸನ್ನು ತೆಳುವಾಗಿ ಸವರಿ. ಕ್ಲಚ್ ತಟ್ಟೆಗೆ ಮಾತ್ರ ಒಂದು ಹನಿಯೂ ತಾಗಬಾರದು. ತಾಗಿದರೆ ಕೊಳವೆ ಸದ್ದಿಲ್ಲದೆ ಜಾರುತ್ತದೆ, ಮತ್ತೆ ಮೋಟರಿನ ಮೇಲೇ ದೂರು ಬರುತ್ತದೆ. ಇನ್ನೊಂದು ಗುರುತು: 180 ಹಲ್ಲಿನ ಚಕ್ರವಿದ್ದರೆ ನಕ್ಷತ್ರದ ಬೆನ್ನು ಹತ್ತಿದಾಗ ವರ್ಮ್ ಒಂದು ಸುತ್ತು ಬರಲು ಸುಮಾರು 8 ನಿಮಿಷ, 144 ಹಲ್ಲಾದರೆ ಸುಮಾರು 10. ನಕ್ಷತ್ರ ಸರಿಯಾಗಿ ಅಷ್ಟೇ ಹೊತ್ತಿಗೊಮ್ಮೆ ಹಾರುತ್ತಿದ್ದರೆ ಕಸ ವರ್ಮ್‌ನಲ್ಲೇ ಇದೆ. ಅದಕ್ಕಿಂತ ಬೇಗ ಬೇಗ ಹಾರುತ್ತಿದ್ದರೆ ಮೋಟರಿನ ಹತ್ತಿರದ ಸಣ್ಣ ಗೇರುಗಳನ್ನು ನೋಡಿ.

ಮೌಂಟ್ ಎಷ್ಟೇ ಚೆನ್ನಾಗಿದ್ದರೂ ನೆಲ ಸರಿಯಿಲ್ಲದಿದ್ದರೆ ಉಪಯೋಗವಿಲ್ಲ. ನವಲಗುಂದ, ಗದಗ ಕಡೆ ಎರೆಮಣ್ಣಿನಲ್ಲಿ ಮಳೆ ಬಿದ್ದ ಮೇಲೆ ಟ್ರೈಪಾಡಿನ ಕಾಲು ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಒಂದೊಂದು ಕಾಲಿನ ಕೆಳಗೂ ಅಂಗೈ ಅಗಲದ ಪರಸಿ ಕಲ್ಲಿನ ತುಂಡು ಇಡಿ.

ನಮ್ಮ ಊರಿಗೇ ಸೇರಿದ ಇನ್ನೊಂದು ತೊಂದರೆ ಇದೆ. ಹುಬ್ಬಳ್ಳಿ-ಧಾರವಾಡ ಇರುವುದು 15 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ. ಮೌಂಟಿನ ಅಕ್ಷವೂ ಅಷ್ಟೇ ಎತ್ತರಕ್ಕೆ ನೋಡಬೇಕು, ಅಂದರೆ ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಆಗ ಎದುರುತೂಕ ಉತ್ತರದ ಕಾಲಿಗೆ ಬಡಿಯುತ್ತದೆ. ಇದನ್ನೂ ಮೋಟರಿನ ದೋಷ ಅಂತ ತಂದವರಿದ್ದಾರೆ. ಎರಡು ಕಾಲು ಉತ್ತರಕ್ಕೆ, ಒಂದು ದಕ್ಷಿಣಕ್ಕೆ ಬರುವಂತೆ ಕೂಡಿಸಲು ಸಾಧ್ಯವಿದ್ದರೆ ಹಾಗೆ ಮಾಡಿ. ಇಲ್ಲದಿದ್ದರೆ ನಡುವೆ ಗಿಡ್ಡ ಕಂಬದ ತುಂಡು ಹಾಕಿಸಿ. ಲೇತ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಎತ್ತರ ಹೊಂದಿಸುವಾಗ ಎದುರುಬದುರಿನ ಎರಡು ಬೋಲ್ಟುಗಳಲ್ಲಿ ಒಂದನ್ನು ಮೊದಲು ಸಡಿಲಿಸಿ, ಭಾರವನ್ನು ಕೈಯಲ್ಲಿ ಎತ್ತಿಹಿಡಿದು ಆಮೇಲೆ ಇನ್ನೊಂದನ್ನು ತಿರುಗಿಸಿ. ಬಾಗಿದ ಬೋಲ್ಟ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಅಕ್ಷಕ್ಕೆ ಗುರಿಯಾಗಬೇಕಾದ ಧ್ರುವ ನಕ್ಷತ್ರವೂ ಅಷ್ಟೇ ಕೆಳಗೆ, ಬೇವಿನ ಮರದ ಹಿಂದೆಯೋ ಯಾರದೋ ನೀರಿನ ಟ್ಯಾಂಕಿನ ಹಿಂದೆಯೋ ಇರುತ್ತದೆ. ಆಗ ಹಗಲಲ್ಲೇ ದಾರದ ಗುಂಡು ಇಳಿಬಿಟ್ಟು, ಸೂರ್ಯ ನೆತ್ತಿಯ ಗೆರೆ (ನೆತ್ತಿಯ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಹೋಗುವ ಗೆರೆ) ದಾಟುವ ಹೊತ್ತಿಗೆ ಬೀಳುವ ನೆರಳಿನ ಮೇಲೆ ಉತ್ತರ-ದಕ್ಷಿಣ ಗೆರೆ ಎಳೆದಿಟ್ಟುಕೊಳ್ಳಬಹುದು. ನಾವು 75 ಡಿಗ್ರಿ ರೇಖಾಂಶದಲ್ಲಿದ್ದೇವೆ, ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿಯದು. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಯ ಗೆರೆ ದಾಟುವುದು ಸರಾಸರಿ 12:30ಕ್ಕೆ. ಕಾಲಕ್ಕೆ ತಕ್ಕಂತೆ ಕಾಲು ಗಂಟೆ ಆಚೀಚೆ ಆಗುತ್ತದೆ. ಆ ದಿನದ ಸರಿಯಾದ ಸಮಯವನ್ನು ಫೋನಿನ ಖಗೋಳ ಆ್ಯಪಿನಲ್ಲಿ ನೋಡಿಕೊಳ್ಳಿ. ಮೇ ತಿಂಗಳ ಶುರುವಿನಲ್ಲಿ ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಮಾತ್ರ ನೆರಳೇ ಬೀಳುವುದಿಲ್ಲ, ಆಗ ಈ ಉಪಾಯ ನಡೆಯದು.

ಫೋಟೋ ತೆಗೆಯುವವರು ಇಷ್ಟಕ್ಕೆ ನಿಲ್ಲಬಾರದು. ದಕ್ಷಿಣದಲ್ಲಿ ನೆತ್ತಿಯ ಗೆರೆಯ ಹತ್ತಿರ, ಆಕಾಶದ ಸಮಭಾಜಕದ (ಭೂಮಧ್ಯರೇಖೆಯ ನೇರ ಮೇಲಿನ ಆಕಾಶದ ಗೆರೆ) ಮೇಲಿನ ಒಂದು ನಕ್ಷತ್ರ ಹಿಡಿದು ಐದು ನಿಮಿಷ ನೋಡಿ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಹೆಚ್ಚು ತಿರುಗಿದೆ, ಉತ್ತರಕ್ಕಾದರೆ ಪಶ್ಚಿಮಕ್ಕೆ. ಆಮೇಲೆ ಪೂರ್ವದಲ್ಲಿ ಕೆಳಗಿರುವ ನಕ್ಷತ್ರ: ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕಾದರೆ ಎತ್ತರವಾಗಿದೆ. ಶಾಲೆಯಲ್ಲಿ ಮಕ್ಕಳಿಗೆ ಚಂದ್ರ, ಶನಿ ತೋರಿಸಲು ಇದೆಲ್ಲ ಬೇಡ. ಆ ಒಂದು ಗಂಟೆಯನ್ನು ಮಕ್ಕಳಿಗೇ ಕೊಡಿ.

ಮೌಂಟಿಗೆ ರಿಮೋಟಿನಲ್ಲಿ ತಾರೀಕು ಹಾಕುವಾಗ ಹುಷಾರು. ಬಹಳಷ್ಟು ರಿಮೋಟುಗಳು ಮೊದಲು ತಿಂಗಳು, ಆಮೇಲೆ ದಿನ ಕೇಳುತ್ತವೆ. ಮಾರ್ಚ್ 5 ಅಂತ ನಮ್ಮ ಪದ್ಧತಿಯಲ್ಲಿ 05/03 ಒತ್ತಿದರೆ ಅದು ಮೇ 3 ಅಂದುಕೊಂಡು ಅರವತ್ತು ಡಿಗ್ರಿಯಷ್ಟು ಬೇರೆ ಕಡೆ ತಿರುಗುತ್ತದೆ.

ಮಳೆಗಾಲದಲ್ಲಿ ಕ್ಲಚ್ ಸಡಿಲಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಆಗಾಗ ಹೊರತೆಗೆದು ಎರಡೂ ಅಕ್ಷಗಳನ್ನು ಒಂದೊಂದು ಸುತ್ತು ಓಡಿಸಿ. ಮತ್ತೆ, ನಮ್ಮಂಥವರ ಹತ್ತಿರ ತರುವುದಾದರೆ ಕಾರ್ಯಕ್ರಮದ ಹಿಂದಿನ ದಿನ ತರಬೇಡಿ, ಒಂದು ವಾರ ಮೊದಲೇ ತನ್ನಿ. ಕೊಳವೆ, ಎದುರುತೂಕ, ಬ್ಯಾಟರಿ, ವೈರ್ ಎಲ್ಲವೂ ಜೊತೆಗಿರಲಿ. ಹೊಂದಿಸಿದ ಮೇಲೆ ಒಂದು ತಂಪು ರಾತ್ರಿಯಾದರೂ ಅದನ್ನು ಹೊರಗೆ ಓಡಿಸಿ ನೋಡದೆ ನಾನು ವಾಪಸ್ ಕೊಡುವುದಿಲ್ಲ.